ಬೆಳ್ಳಕ್ಕಿ ಬೂದಿಯಾಗುವುದೇಕೆ?

ಕ್ಯಾಮೆರಾವನ್ನು ಆಟೊದಲ್ಲಿಟ್ಟು ಚಿತ್ರ ತೆಗೆಯುವವರು ಕಲಿಕೆಯ ಮೊದಲ ಮೆಟ್ಟಿಲಲ್ಲೇ ಇದ್ದಾರೆ ಎಂಬ ಭಾವನೆ ಹವ್ಯಾಸಿ ಛಾಯಾಗ್ರಾಹಕರಲ್ಲಿ ಬಲವಾಗಿದೆ. ಇದು ಸರಿಯಲ್ಲ. ಬೆಳಕು ಅಳೆಯುವ ಕೆಲಸವನ್ನು ಯಂತ್ರಕ್ಕೆ ವಹಿಸುವುದು ಹೊಸದೇನೂ ಅಲ್ಲ. 1938ರ ಕೊಡಕ್ ಸೂಪರ್ ಸಿಕ್ಸ್-20 ಬೆಳಕು ನೋಡಿ ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ತಾನೇ ಹೊಂದಿಸುತ್ತಿತ್ತು. 1978ರ ಕ್ಯಾನನ್ ಎ-1 ಅಪರ್ಚರ್, ಶಟರ್ ವೇಗ ಎರಡನ್ನೂ ತಾನೇ ಆರಿಸಬಲ್ಲದಾಗಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನೂ ನೋಡಿಕೊಳ್ಳುತ್ತದೆ. ಈ ಅಳತೆಯನ್ನು ಬಳಸಿಕೊಳ್ಳೋಣ, ಆದರೆ ಅದನ್ನು ತಿದ್ದುವ ಹಕ್ಕನ್ನು ಬಿಟ್ಟುಕೊಡದಿರೋಣ.

ತಿದ್ದಬೇಕಾದ್ದೇಕೆ ಎಂಬುದು ಬೆಳ್ಳಕ್ಕಿಯ ಚಿತ್ರ ತೆಗೆದರೆ ತಿಳಿಯುತ್ತದೆ. ಕ್ಯಾಮೆರಾದ ಮೀಟರ್ ಅಳೆಯುವುದು ವಸ್ತುವಿನಿಂದ ಮರಳಿ ಬರುವ ಬೆಳಕನ್ನು. ವಸ್ತು ಬಿಳಿಯೋ ಕಪ್ಪೋ ಅದಕ್ಕೆ ಗೊತ್ತಿಲ್ಲ. ಎಲ್ಲವೂ ಸರಾಸರಿಯಲ್ಲಿ ನಡುಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಮರಳಿಸುವಂಥದ್ದು ಎಂದು ಅದು ಎಣಿಸುತ್ತದೆ. ರಂಗನತಿಟ್ಟಿನಲ್ಲಿ ಬೆಳ್ಳಕ್ಕಿಯೊಂದು ಚೌಕಟ್ಟಿನ ತುಂಬ ಬಂದರೆ ಬೆಳಕು ಹೆಚ್ಚಾಯಿತೆಂದು ಕ್ಯಾಮೆರಾ ಅದನ್ನು ತಗ್ಗಿಸುತ್ತದೆ. ಹಕ್ಕಿ ಬೂದಿ ಬಳಿದಂತೆ ಕಾಣುತ್ತದೆ. ಅದೇ ಹಕ್ಕಿ ದೂರದಲ್ಲಿ ಚಿಕ್ಕದಾಗಿ, ಸುತ್ತ ನೆರಳಿನ ಕಪ್ಪು ನೀರಿದ್ದರೆ ಕ್ಯಾಮೆರಾ ನೀರನ್ನು ಬೆಳಗಿಸಲು ಹೊರಡುತ್ತದೆ. ಗರಿಗಳ ಎಳೆಯೇ ಉಳಿಯದಂತೆ ಹಕ್ಕಿ ಬೆಳ್ಳಗೆ ಸುಟ್ಟುಹೋಗುತ್ತದೆ. ಹಕ್ಕಿಯೂ ಬಿಸಿಲೂ ಒಂದೇ, ತಪ್ಪುಗಳು ಮಾತ್ರ ತದ್ವಿರುದ್ಧ. ಎಕ್ಸ್‌ಪೋಶರ್ ಕಾಂಪೆನ್ಸೇಷನ್ ಎಂಬ ಪ್ಲಸ್-ಮೈನಸ್ ಗುಂಡಿ ಇರುವುದೇ ಇದಕ್ಕಾಗಿ. ಪ್ಲಸ್ ಒಂದು ಎಂದರೆ ಬೆಳಕು ಎರಡು ಪಟ್ಟು, ಮೈನಸ್ ಒಂದು ಎಂದರೆ ಅರ್ಧ. ಮೊದಲ ಚಿತ್ರಕ್ಕೆ ಪ್ಲಸ್, ಎರಡನೆಯದಕ್ಕೆ ಮೈನಸ್ ಬೇಕು. ದರೋಜಿ ಕರಡಿಧಾಮದ ಕಪ್ಪು ಕರಡಿ ಚೌಕಟ್ಟು ತುಂಬಿದರೂ ಮೈನಸ್ಸೇ.

ಮ್ಯಾನ್ಯುಯಲ್‌ನಲ್ಲಿ ಈ ತೊಂದರೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಆದರೆ ಮೀಟರಿನ ಗುರುತು ಸೊನ್ನೆಗೆ ಬರುವವರೆಗೆ ಚಕ್ರ ತಿರುಗಿಸಿ ಕ್ಲಿಕ್ಕಿಸಿದರೆ ಸಿಗುವುದು ಅದೇ ಬೂದು ಬೆಳ್ಳಕ್ಕಿ, ತುಸು ತಡವಾಗಿ. ಬೆಳಕು ಬದಲಾಗದ ಕಡೆ ಮಾತ್ರ ಮ್ಯಾನ್ಯುಯಲ್ ನಿಜಕ್ಕೂ ಮೇಲು. ಯಕ್ಷಗಾನದ ರಂಗದಲ್ಲಿ ದೀಪ ಅಷ್ಟೇ ಇದ್ದರೂ ಹಿಂದಿನ ಕತ್ತಲು ಚೌಕಟ್ಟಿನಲ್ಲಿ ಹೆಚ್ಚು ಕಡಿಮೆಯಾದಂತೆ ಆಟೊ ಏರಿಳಿಯುತ್ತದೆ. ಅಲ್ಲಿ ಒಮ್ಮೆ ಹೊಂದಿಸಿ ಬಿಡುವುದೇ ಜಾಣತನ. ಈಗಿನ ಕ್ಯಾಮೆರಾಗಳು ಮುಖ ಗುರುತಿಸುತ್ತವೆ, ದೃಶ್ಯವನ್ನು ಭಾಗಗಳಾಗಿ ಅಳೆಯುತ್ತವೆ ಎಂಬುದೂ ನಿಜ. ತಪ್ಪುಗಳು ಅದರಿಂದ ಕಡಿಮೆಯಾಗಿವೆ. ಆದರೂ ಸೂರ್ಯಾಸ್ತದೆದುರು ನಿಂತವರ ಮುಖ ಕಾಣಬೇಕೋ, ಬರೀ ಕಪ್ಪು ಆಕೃತಿ ಸಾಕೋ ಎಂಬುದು ಚಿತ್ರ ತೆಗೆಯುವವರ ಮನಸ್ಸಿನಲ್ಲಿದೆ, ಯಾವ ಮೀಟರಿಗೂ ಅದು ಸಿಗದು. ರಾ ಫೈಲಿನಲ್ಲಿ ತೆಗೆದು ಆಮೇಲೆ ಸರಿಪಡಿಸಿದರಾಯಿತು ಎಂಬ ವಾದ ಅರ್ಧ ಸತ್ಯ: ಕತ್ತಲನ್ನು ಸ್ವಲ್ಪ ಎತ್ತಬಹುದು, ಪೂರ್ತಿ ಸುಟ್ಟ ಬಿಳುಪಿನಲ್ಲಿ ಎತ್ತಲು ಏನೂ ಇರುವುದಿಲ್ಲ.

ಬಹಳಷ್ಟು ಕ್ಯಾಮೆರಾಗಳ ಪೂರ್ಣ ಆಟೊದಲ್ಲಿ ಪ್ಲಸ್-ಮೈನಸ್ ಕೆಲಸ ಮಾಡುವುದಿಲ್ಲ; ಡಯಲನ್ನು ಪಿಗೆ, ಅಂದರೆ ಪ್ರೋಗ್ರಾಂ ಮೋಡಿಗೆ, ತಿರುಗಿಸಬೇಕು. ತೆಗೆದೊಡನೆ ಚಿತ್ರದ ಕಪ್ಪು-ಬಿಳುಪಿನ ಹಂಚಿಕೆಯನ್ನು ಎಡದಿಂದ ಬಲಕ್ಕೆ ತೋರಿಸುವ ಹಿಸ್ಟೋಗ್ರಾಂ ನೋಡಿ: ಗುಡ್ಡೆ ಬಲಗೋಡೆಗೆ ಒತ್ತಿಕೊಂಡಿದ್ದರೆ ಬಿಳುಪು ಸುಟ್ಟಿದೆ. ಕೆಲಸ ಮುಗಿದ ಮೇಲೆ ಗುಂಡಿಯನ್ನು ಸೊನ್ನೆಗೆ ತನ್ನಿ, ಏಕೆಂದರೆ ಕ್ಯಾಮೆರಾ ಆಫ್ ಮಾಡಿದರೂ ಹಲವು ಮಾದರಿಗಳಲ್ಲಿ ಅದು ಹಾಗೆಯೇ ಉಳಿದಿರುತ್ತದೆ.