ಫೋರ್ಟ್ರಾನ್ ಫಂಕ್ಷನ್: ನಂಬಿಕೆ ಒಂದು, ನಿಯಮ ಇನ್ನೊಂದು

ಹವಾಮಾನ ಮುನ್ಸೂಚನೆಯಂಥ ಭಾರೀ ಲೆಕ್ಕಗಳಲ್ಲಿ ಫೋರ್ಟ್ರಾನ್ ಇಂದಿಗೂ ಬಳಕೆಯಲ್ಲಿದೆ. ಸಿ, ಪೈಥಾನ್ ಕಲಿತವರು ಇದರಲ್ಲಿ ಸ್ವಂತ ಫಂಕ್ಷನ್ ಬರೆಯುವಾಗ ಆ ಭಾಷೆಗಳ ರೂಢಿಯನ್ನೇ ನಂಬಿಬಿಡುತ್ತಾರೆ. ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ, ಉತ್ತರ ಮಾತ್ರ ತಪ್ಪಿರುತ್ತದೆ.

ಕಲ್ಪನೆ: ಈಗಿನಂಥ ಫಂಕ್ಷನ್ ಮೊದಲಿನಿಂದಲೂ ಇತ್ತು.
ಸತ್ಯ: ಐಬಿಎಂ 1957ರಲ್ಲಿ ತಂದ ಮೊದಲ ಆವೃತ್ತಿಯಲ್ಲಿ ಪ್ರೋಗ್ರಾಂ ಒಳಗೆ ಒಂದೇ ಸಾಲಿನ ಸೂತ್ರ ಬರೆಯಬಹುದಿತ್ತು, ಅಷ್ಟೆ. ಹಲವು ಸಾಲಿನ, ಪ್ರತ್ಯೇಕವಾಗಿ ಕಂಪೈಲ್ ಆಗುವ ಫಂಕ್ಷನ್ ಬಂದದ್ದು 1958ರ ಫೋರ್ಟ್ರಾನ್ 2ರಲ್ಲಿ.

ಕಲ್ಪನೆ: ಉತ್ತರವನ್ನು 'ರಿಟರ್ನ್' ಮುಂದೆ ಬರೆಯಬೇಕು.
ಸತ್ಯ: ಇಲ್ಲಿ 'ರಿಟರ್ನ್' ಬರೀ ಹಿಂದಿರುಗುತ್ತದೆ. ಉತ್ತರವನ್ನು ಫಂಕ್ಷನ್ನಿನ ಹೆಸರಿಗೇ ತುಂಬಬೇಕು. ಫೋರ್ಟ್ರಾನ್ 90ರಿಂದ 'ರಿಸಲ್ಟ್' ಮೂಲಕ ಬೇರೆ ಹೆಸರನ್ನೂ ಕೊಡಬಹುದು.

ಕಲ್ಪನೆ: ಹೆಸರು ಏನಿಟ್ಟರೂ ನಡೆಯುತ್ತದೆ.
ಸತ್ಯ: ವಿಧ ಘೋಷಿಸದಿದ್ದರೆ ಐ, ಜೆ, ಕೆ, ಎಲ್, ಎಂ, ಎನ್ ಅಕ್ಷರಗಳಿಂದ ಶುರುವಾಗುವ ಹೆಸರು ಪೂರ್ಣಾಂಕವೆಂದೇ ಲೆಕ್ಕ. ಸರಾಸರಿ ತೆಗೆಯುವ ಫಂಕ್ಷನ್ನಿಗೆ 'ಮೀನ್' ಎಂದು ಹೆಸರಿಟ್ಟರೆ 2.5 ಬರಬೇಕಾದಲ್ಲಿ 2 ಬರುತ್ತದೆ.

ಕಲ್ಪನೆ: 2.0 ಬದಲು 2 ಕಳಿಸಿದರೆ ಕಂಪೈಲರೇ ಬದಲಾಯಿಸಿಕೊಳ್ಳುತ್ತದೆ.
ಸತ್ಯ: ಇಲ್ಲ. ಹಳೆಯ ಶೈಲಿಯಲ್ಲಿ ಬೇರೆ ಫೈಲಿನಲ್ಲಿರುವ ಫಂಕ್ಷನ್, ಆ ಪೂರ್ಣಾಂಕದ ಬಿಟ್‌ಗಳನ್ನೇ ದಶಮಾಂಶ ಸಂಖ್ಯೆಯೆಂದು ಓದುತ್ತದೆ. ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಅದು ಸೊನ್ನೆಗೆ ತೀರಾ ಹತ್ತಿರದ ಬೆಲೆ. ಫಂಕ್ಷನ್ ಮಾಡ್ಯೂಲ್ ಒಳಗಿದ್ದರೆ ಕಂಪೈಲ್ ಮಾಡುವಾಗಲೇ ದೋಷ ಕಾಣುತ್ತದೆ.

ಕಲ್ಪನೆ: ಘೋಷಣೆಯ ಸಾಲಿನಲ್ಲೇ ಮೊತ್ತಕ್ಕೆ ಸೊನ್ನೆ ಕೊಟ್ಟರೆ ಪ್ರತಿ ಸಲವೂ ಸೊನ್ನೆಯಿಂದ ಶುರು.
ಸತ್ಯ: ಎಲ್ಲಕ್ಕಿಂತ ಮೋಸದ ತಪ್ಪು ಇದು. ಹಾಗೆ ಕೊಟ್ಟ ಬೆಲೆ ಒಮ್ಮೆ ಮಾತ್ರ ಅನ್ವಯ. ಆ ವೇರಿಯಬಲ್‌ಗೆ 'ಸೇವ್' ಗುಣ ತಾನಾಗಿ ಅಂಟಿಕೊಂಡು, ಹಿಂದಿನ ಕರೆಯ ಮೊತ್ತ ಹಾಗೇ ಉಳಿಯುತ್ತದೆ. ಮೊದಲ ಕರೆಯ ಉತ್ತರ ಸರಿ, ಎರಡನೆಯದು ತಪ್ಪು. ಸೊನ್ನೆ ಮಾಡುವುದನ್ನು ಬೇರೆ ಸಾಲಾಗಿಯೇ ಬರೆಯಿರಿ.

ಕಲ್ಪನೆ: ಫಂಕ್ಷನ್ ತನ್ನನ್ನು ತಾನೇ ಕರೆಯುವಂತಿಲ್ಲ.
ಸತ್ಯ: ಫೋರ್ಟ್ರಾನ್ 77ರಲ್ಲಿ ನಿಷೇಧವಿತ್ತು. ಫೋರ್ಟ್ರಾನ್ 90 'ರಿಕರ್ಸಿವ್' ಎಂದು ಬರೆದರೆ ಒಪ್ಪಿತು. ಫೋರ್ಟ್ರಾನ್ 2018ರಲ್ಲಿ ಅದನ್ನೂ ಬರೆಯಬೇಕಿಲ್ಲ.

ಹಳೆಯ ಫೋರ್ಟ್ರಾನ್ ಬರೆಯುವವರ ಎಚ್ಚರಕ್ಕೆ ಬಿಟ್ಟಿದ್ದನ್ನು ಹೊಸದು ಕಂಪೈಲರಿಗೆ ಒಪ್ಪಿಸಬಲ್ಲದು, ಆದರೆ ನಾವು ಕೇಳಬೇಕು. 'ಇಂಪ್ಲಿಸಿಟ್ ನನ್' ಬರೆದರೆ ವಿಧ ಘೋಷಿಸದ ಹೆಸರನ್ನು, ಮಾಡ್ಯೂಲ್ ಬಳಸಿದರೆ ಹೊಂದದ ಆರ್ಗ್ಯುಮೆಂಟನ್ನು, ಫೋರ್ಟ್ರಾನ್ 95ರ 'ಪ್ಯೂರ್' ಸೇರಿಸಿದರೆ ಘೋಷಣೆಯಲ್ಲಿ ಅಡಗಿದ 'ಸೇವ್'ಅನ್ನು ಅದು ತಡೆಯುತ್ತದೆ.