ನಡುಕ ಕಾಣುತ್ತದೆ, ತಡವರಿಕೆ ಕಾಣುವುದಿಲ್ಲ

ಪಾರ್ಕಿನ್ಸನ್ ಎಂದರೆ ಕೈನಡುಕ, ಅಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. 1817ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಕೂಡ ಬುದ್ಧಿಗೆ ಏನೂ ಆಗದು ಎಂದೇ ನಂಬಿದ್ದ. ಆಗುತ್ತದೆ. ಮರೆವಿಗಿಂತ ಮೊದಲು ಹಲವರಲ್ಲಿ ಯೋಚನೆ ನಿಧಾನವಾಗುತ್ತದೆ, ಕೆಲಸದ ಸರಣಿ ತಪ್ಪುತ್ತದೆ. ಮಂಡಿಯಲ್ಲಿ ಟೊಮೆಟೊ ಕ್ರೇಟುಗಳ ಲೆಕ್ಕ ಹಾಕುತ್ತಲೇ ಹರಾಜಿನ ಕೂಗಿಗೂ ಕಿವಿಗೊಡುತ್ತಿದ್ದವರಿಗೆ ಎರಡರಲ್ಲೊಂದು ಕೈತಪ್ಪುತ್ತದೆ. ಮನೆಯವರು ‘ವಯಸ್ಸಾಯ್ತು ಬಿಡಿ’ ಎನ್ನುತ್ತಾರೆ.

ಕಂಪ್ಯೂಟರ್ ಆಧಾರಿತ ಪುನಶ್ಚೇತನ ಕೈಹಾಕುವುದು ಇಲ್ಲಿಗೇ. ತೆರೆಯ ಮೇಲೆ ಚಿತ್ರ, ಅಂಕಿ, ದಾರಿ ಹುಡುಕುವ ಆಟಗಳು ಬರುತ್ತವೆ. ಸರಿಯಾಗಿ ಮಾಡಿದರೆ ಮುಂದಿನದು ಕಷ್ಟವಾಗುತ್ತದೆ, ತಪ್ಪಿದರೆ ಸಲೀಸಾಗುತ್ತದೆ. ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತು ನೋಡಿ ಕೂರಿಸಬೇಕು, ಇಲ್ಲದಿದ್ದರೆ ಬೆರಳೇ ಮಾತು ಕೇಳುವುದಿಲ್ಲ.

ಹಳ್ಳಿಯ ಹಿರಿಯರು ಕಂಪ್ಯೂಟರ್ ಮುಂದೆ ಕೂರುತ್ತಾರೆಯೇ? ಇದಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಉತ್ತರ ಕೊಟ್ಟಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಈ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ‘ಸ್ಯಾನ್ಸ್‌ಕಾಗ್’ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ನೆನಪು, ಗಮನಗಳ ಪರೀಕ್ಷೆಗೆ ಕಂಪ್ಯೂಟರನ್ನೇ ಬಳಸುತ್ತಾರೆ. ಅದು ಅಧ್ಯಯನ, ಚಿಕಿತ್ಸೆಯಲ್ಲ. ಪಾರ್ಕಿನ್ಸನ್‌ಗೆಂದೇ ನಡೆದದ್ದೂ ಅಲ್ಲ. ಆದರೂ ಮಾವು ಬೆಳೆಯುವ ಊರಿನವರಿಗೆ ತೆರೆ ಅಡ್ಡಿಯಾಗದು ಎಂಬುದಕ್ಕೆ ಇಷ್ಟು ಸಾಕು.

ಅಡ್ಡಿ ಬೇರೆಡೆ ಇದೆ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆಗೆ ಪಾರ್ಕಿನ್ಸನ್ ರೋಗಿಗಳ ಇಂಥ ತರಬೇತಿಯ ಬಗ್ಗೆ ಸಿಕ್ಕಿದ್ದು 7 ಅಧ್ಯಯನ, ಒಟ್ಟು 225 ರೋಗಿಗಳು. ಖಚಿತ ಲಾಭ ಕಾಣಲಿಲ್ಲ. ಆಟದಲ್ಲಿ ಪಳಗಿದವರು ಆಟದಲ್ಲೇ ಜಾಣರಾಗಿ, ಸಂತೆಯ ಚಿಲ್ಲರೆ ಲೆಕ್ಕ ಹಾಗೇ ಉಳಿಯಬಹುದು. ಹಾಗಾಗಿ ಸಾವಿರಾರು ರೂಪಾಯಿಯ ಆ್ಯಪ್ ಮಾರುವವರನ್ನು ನಂಬುವ ಮುನ್ನ ವೈದ್ಯರನ್ನು ಕೇಳುವುದು ವಾಸಿ. ನಡಿಗೆ, ವ್ಯಾಯಾಮವನ್ನಂತೂ ಬಿಡಬಾರದು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮುಳಬಾಗಿಲು, ಮಾಲೂರಿನವರು ಪ್ರತಿಯೊಂದಕ್ಕೂ ಬೆಂಗಳೂರಿಗೆ ಓಡದಂತೆ, ತರಬೇತಿಯೂ ಜಿಲ್ಲೆಯಲ್ಲೇ ಸಿಗಬೇಕು. ಸಿಕ್ಕರೆ, ಆಟದಲ್ಲಿ ಸೂಪರ್‌ಮಾರ್ಕೆಟ್ಟಿನ ಚಿತ್ರ ಬೇಡ. ಡೇರಿಗೆ ಹಾಕಿದ ಹಾಲಿನ ಲೆಕ್ಕ, ಇಟ್ಟಿಗೆ ಲೋಡಿನ ಎಣಿಕೆ ಇರಲಿ. ಮನೆಯಲ್ಲಿ ತೆಲುಗು ಆಡುವ ಅಜ್ಜಿಗೆ ಪ್ರಶ್ನೆ ತೆಲುಗಿನಲ್ಲೇ ಬರಲಿ.