ಮೇಷ್ಟ್ರಿಗೊಂದು ಪುಸ್ತಕದ ಕಾಣಿಕೆ

ಪತ್ರಿಕೆಗೆ ಬರೆದವರ ಖಾತೆಗೆ ಬೀಳುವ ದುಡ್ಡಿಗೆ ಇವತ್ತು ‘ಸಂಭಾವನೆ’ ಎನ್ನುತ್ತೇವೆ. 1941ರಲ್ಲಿ ಅದೇ ಹೆಸರಿನ ಪುಸ್ತಕವೊಂದು ಬಂತು. ಕೊಟ್ಟವರು ಶಿಷ್ಯರು, ಮಿತ್ರರು, ಪಡೆದವರು ಬಿ.ಎಂ. ಶ್ರೀಕಂಠಯ್ಯ. ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರು; ಆದರೆ 1911ರಲ್ಲೇ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆ ಹೇಗೆಂದು ಭಾಷಣ ಮಾಡಿ ಬಂದವರು. ಕನ್ನಡದ ಮೊದಲ ಅಭಿನಂದನ ಗ್ರಂಥವೆಂದು ಹೆಸರಾಗಿರುವುದು ಈ ‘ಸಂಭಾವನೆ’ಯೇ.

ಪದ್ಧತಿ ಹೊರಗಿನದು. ಹಿರಿಯ ಪ್ರಾಧ್ಯಾಪಕರಿಗೆ ಅರವತ್ತೋ ಎಪ್ಪತ್ತೋ ತುಂಬಿದಾಗ ಜೊತೆಯವರು ತಲಾ ಒಂದು ಸಂಶೋಧನ ಲೇಖನ ಬರೆದು, ಪುಸ್ತಕ ಮಾಡಿ ಒಪ್ಪಿಸುವುದು ಜರ್ಮನಿಯ ವಿಶ್ವವಿದ್ಯಾಲಯಗಳ ರೂಢಿ. 1917ರಲ್ಲಿ ಪುಣೆಯ ರಾ.ಗೋ. ಭಂಡಾರ್ಕರ್ ಅವರಿಗೆ ಎಂಬತ್ತು ತುಂಬಿದಾಗ ಅಂಥದೊಂದು ಸಂಪುಟ ಬಂದಿತ್ತು. ನಮ್ಮವರು ಅದನ್ನು ಎಷ್ಟು ಒಗ್ಗಿಸಿಕೊಂಡರೆಂಬುದು ಹೆಸರುಗಳಲ್ಲೇ ಗೊತ್ತಾಗುತ್ತದೆ: ಎ.ಆರ್. ಕೃಷ್ಣಶಾಸ್ತ್ರಿಗಳಿಗೆ ‘ಅಭಿವಂದನೆ’, ಡಿ.ಎಲ್. ನರಸಿಂಹಾಚಾರ್ಯರಿಗೆ ‘ಉಪಾಯನ’, ಜಿ.ಎಸ್. ಶಿವರುದ್ರಪ್ಪನವರಿಗೆ ‘ಸ್ನೇಹಕಾರ್ತಿಕ’, ಎಂ.ಎಂ. ಕಲಬುರ್ಗಿಯವರಿಗೆ ‘ಮಹಾಮಾರ್ಗ’. ಉಪಾಯನವೆಂದರೆ ದೊಡ್ಡವರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ಒಯ್ಯುವ ಕಾಣಿಕೆ.

ನಾನೂ ಒಮ್ಮೆ ನಮ್ಮ ಮೇಷ್ಟ್ರಿಗೆ ಇಂಥ ಗ್ರಂಥ ತರುವ ಸಮಿತಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮೂವತ್ತು ಜನಕ್ಕೆ ಕಾಗದ ಬರೆದರೆ ಹನ್ನೊಂದು ಲೇಖನ. ಉಳಿದವರ ಮನೆಗೆ ಅಲೆದು ಚಪ್ಪಲಿ ಸವೆಯಿತು. ಕರಡು ತಿದ್ದಿದ್ದು ರಾತ್ರಿಗಳಲ್ಲಿ. ಬಡ್ತಿಯ ಅರ್ಜಿಯಲ್ಲಿ ಈ ದುಡಿಮೆಗೆ ಕಾಲಮ್ಮೇ ಇರಲಿಲ್ಲ. ಸೋಜಿಗವೆಂದರೆ, ನಮ್ಮ ಮೇಷ್ಟ್ರ ಜೊತೆ ಹತ್ತು ವರ್ಷ ಮಾತು ಬಿಟ್ಟಿದ್ದ ಪ್ರಾಧ್ಯಾಪಕರ ಲೇಖನವೇ ಎಲ್ಲಕ್ಕಿಂತ ಮೊದಲು ಬಂತು. ಹದಿನಾಲ್ಕು ಹಾಳೆ, ಅಂಚಿನಲ್ಲಿ ಕೆಂಪು ಶಾಯಿಯ ತಿದ್ದುಪಡಿ. ಶಾಸನದ ಒಂದು ಪದಕ್ಕೆ ಮೇಷ್ಟ್ರು ಹೇಳಿದ್ದ ಅರ್ಥ ತಪ್ಪು ಎಂಬುದೇ ಅದರ ವಾದ! ಹೊಗಳಿಕೆ ಒಂದು ಸಾಲೂ ಇಲ್ಲ. ಅಂಜಿಕೊಂಡೇ ಮೇಷ್ಟ್ರಿಗೆ ತೋರಿಸಿದೆವು. ಎರಡು ಸಲ ಓದಿ, “ಇವನೊಬ್ಬ ನನ್ನನ್ನ ಸರಿಯಾಗಿ ಓದಿದಾನೆ ಕಣಯ್ಯ, ಮೊದಲು ಹಾಕು” ಎಂದರು.

ಈಚಿನ ಎಷ್ಟೋ ಗ್ರಂಥಗಳು ಮದುವೆ ಆಲ್ಬಮ್ಮಿನಂತಿವೆ: ಬಣ್ಣದ ಫೋಟೊ, ಸಂದೇಶ, ಮೆಚ್ಚುಮಾತು. ಹಳೆಯವುಗಳಲ್ಲಿ ಬೇರೆಲ್ಲೂ ಅಚ್ಚಾಗದ ಗಟ್ಟಿ ಲೇಖನಗಳು ಕೂತಿವೆ. ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದು ದಪ್ಪ ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ; ಹತ್ತಿರದ ಕಾಲೇಜಿನ ಲೈಬ್ರರಿಗೆ ಕೊಡಿ.